ರಂಗನ ಎಡೆಗೆ ಕಡಲೆಕಾಯಿ ಕೇಕ್

ತುಮಕೂರು
ಮಾರ್ಲಮಿ ಹಬ್ಬದ ಮಾರನೆಯ ದಿನ

ಸುಧಾ,

ಬೆಳ್ಳಾವಿಯ ಲಕ್ಷ್ಮೀನರಸಿಂಹಯ್ಯ ಸತ್ತಿಲ್ಲ. ಅವನಿಗೆ ನೆಗಡಿ ಕೂಡ ಆಗಿರಲಿಲ್ಲ. ಹೋದ ವಾರ ನಾನು ಫೋನ್ ಮಾಡಿ, ದಾಯಾದಿ ತೀರಿಹೋಗಿದ್ದಾನೆ, ಸೂತಕ ಬಂದಿದೆ, ಈ ವರ್ಷ ಮಾರ್ಲಮಿಯಲ್ಲಿ ಹಿರಿಯರಿಗೆ ಎಡೆ ಇಡುವ ಹಾಗಿಲ್ಲ, ನೀನು ಕುಣಿಗಲ್‌ನಿಂದ ಬಸ್ ಹತ್ತಬೇಡ ಎಂದು ಹೇಳಿದ್ದು ಶುದ್ಧ ಸುಳ್ಳು. ನೀನು ಪಾಪ, "ಅಯ್ಯೋ, ಚೆನ್ನಾಗೇ ಇದ್ರಲ್ಲ ಅತ್ತೆ" ಅಂದೆ. ನಾನು ಹೂಂ ಅಂದೆ. ಚೆನ್ನಾಗಿದ್ದದ್ದು ನಿಜವೇ ಆದ್ದರಿಂದ ಆ ಒಂದು ಮಾತಿನ ಮಟ್ಟಿಗೆ ನಾನು ಸುಳ್ಳು ಹೇಳಲಿಲ್ಲ.

ಅದಾದ ಮೇಲೆ ನೀನು ಕೇಳಿದ್ದು ಒಂದೇ ಪ್ರಶ್ನೆ, ಅದೂ ನನ್ನ ಮಗ ರಂಗನ ಎಡೆಯದು. "ಹಂಗಾದ್ರೆ ಅವ್ರಿಗೆ ಕೇಕ್?" ಸತ್ತವನ ಹೆಂಡತಿ ಮಕ್ಕಳ ಬಗ್ಗೆ ಕೇಳಲಿಲ್ಲ, ಮಾವನ ಸಕ್ಕರೆ ಕಾಯಿಲೆಯ ಬಗ್ಗೆ ಕೇಳಲಿಲ್ಲ. ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳೋಣವೆಂದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ಆಮೇಲೆ ಅಳುತ್ತೀಯ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳಿಗೆ ರಜೆ ಅರ್ಜಿ ಬಿಟ್ಟರೆ ಬೇರೆ ಪತ್ರ ಬರೆದು ಗೊತ್ತಿಲ್ಲ. ಒಣಒಣವಾಗಿ ಕಂಡರೆ ಸಹಿಸಿಕೋ.

ಶ್ರಾವಣದಲ್ಲಿ ನಿಮ್ಮಪ್ಪ ಬೆಟ್ಟಸ್ವಾಮಿಯವರು ಇಲ್ಲಿಗೆ ಬಂದಿದ್ದರು. ನಿನಗೆ ಹೇಳಿರಲಾರರು. ಕಾಫಿ ತಣ್ಣಗಾಗುವ ತನಕ ಲೋಟವನ್ನು ಕೈಯಲ್ಲಿ ತಿರುಗಿಸುತ್ತಾ ಕೂತರು. ಆಮೇಲೆ ನಿಧಾನಕ್ಕೆ ವಿಷಯಕ್ಕೆ ಬಂದರು. ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವ ಚಂದ್ರು ಎಂಬ ಹುಡುಗ, ಹೆಂಡತಿ ತೀರಿಕೊಂಡಿದ್ದಾಳೆ, ಮಕ್ಕಳಿಲ್ಲ, ಅವರ ಮನೆಯವರೇ ನಿನ್ನನ್ನು ಕೇಳಿಕೊಂಡು ಬಂದಿದ್ದಾರೆ ಎಂದರು. ನಿನ್ನ ಮನಸ್ಸು ಹೇಗಿದೆ ಎಂದು ಕೇಳಿದೆ. "ಆವಯ್ಯ ಇವ್ಳು ಕೆಲ್ಸ ಮಾಡೋ ಸೊಸೈಟಿಗೆ ಬಂದ್ರೆ ನಗ್‌ನಗ್ತಾ ಮಾತಾಡ್ತಾಳೆ ಕಣಮ್ಮ. ಮನೇಲಿ ನಾವು ಮದ್ವೆ ಮಾತು ಎತ್ತಿದ್ರೆ ಎದ್ದೋಯ್ತಾಳೆ" ಎಂದರು. ಯಾಕಂತೆ ಎಂದೆ. ಆಗ ಅವರು ಲೋಟ ಕೆಳಗಿಟ್ಟರು. "ಬೇರೆ ಮನೆ ಸೇರಿದ್ಮೇಲೆ ಆ ಮನೆ ಎಡೆಗೆ ನಾನು ಕೈ ಹಾಕೋಂಗಿಲ್ಲ, ಅವ್ರಿಗೆ ಕೇಕ್ ಯಾರಿಡ್ತಾರೆ ಅಂತಾಳೆ. ಕೇಕಿಗೋಸ್ಕರ ಮದ್ವೆ ಬ್ಯಾಡ ಅಂತವ್ಳೆ. ಇದಕ್ಕೆ ನಾನೇನ್ ಹೇಳ್ಲಿ, ನೀವೇ ಹೇಳಿ."

ಸುಳ್ಳು ಯಾಕೆ, ಆ ಸಂಜೆ ನನಗೆ ಸಿಟ್ಟು ಬಂದಿತ್ತು. ನಿಮ್ಮಪ್ಪನ ಮೇಲೆ, ಮುಖವನ್ನೇ ನೋಡದ ಆ ಚಂದ್ರುವಿನ ಮೇಲೆ, ಸೊಸೈಟಿಯಲ್ಲಿ ನಕ್ಕ ನಿನ್ನ ಮೇಲೆ. ನನ್ನ ಮಗನ ಹೆಂಡತಿ ಎನ್ನುವ ಮಾತು ತಲೆಯಿಂದ ಹೋಗಲೇ ಇಲ್ಲ. ನಿನ್ನ ಮಾವ ಎರಡು ಸಲ ಊಟಕ್ಕೆ ಕರೆದು, ಕೊನೆಗೆ ತಾವೇ ಬಡಿಸಿಕೊಂಡು ಉಂಡರು. ಬೆಳಗ್ಗೆ ಎದ್ದಾಗಲೂ ಸಿಟ್ಟು ಇಳಿದಿರಲಿಲ್ಲ. ಆದರೆ ಹಲ್ಲುಜ್ಜುವಾಗ ಇನ್ನೊಂದು ಯೋಚನೆ ಬಂತು. ರಂಗ ಹೋದ ಮೇಲೆ ನೀನು ನಕ್ಕಿದ್ದನ್ನು ನಾನು ನೋಡಿಯೇ ಇರಲಿಲ್ಲ. ಎಲ್ಲೋ ಒಂದು ಕಡೆ ನಗುತ್ತಿದ್ದೀಯಲ್ಲ, ಅದು ಪಶು ಆಸ್ಪತ್ರೆಯವನ ಮುಂದಾದರೆ ಆಗಲಿ ಅನ್ನಿಸಿತು. ನಿನ್ನ ಹತ್ತಿರ ವಾದ ಮಾಡಿ ಗೆದ್ದವರಿಲ್ಲ. ಅಡ್ಡ ಬಂದಿರುವುದು ಕೇಕ್ ಎಂದಾದರೆ ಆ ಕೇಕನ್ನು ನಾನು ಕಲಿತರೆ ಸಾಕು.

ಆ ಕೇಕ್ ಬಗ್ಗೆ ನನಗೆ ಎಂದೂ ಗೌರವ ಇರಲಿಲ್ಲ. ನೀನು ಮದುವೆಯಾಗಿ ಬಂದ ವರ್ಷ ರಂಗನ ಹುಟ್ಟುಹಬ್ಬಕ್ಕೆ ಓವನ್ ಇಲ್ಲದ ನಮ್ಮ ಮನೆಯಲ್ಲಿ ಕುಕ್ಕರ್ ಒಳಗೆ ಉಪ್ಪು ಸುರಿದು ಅದರ ಮೇಲೆ ಪಾತ್ರೆ ಕೂರಿಸಿ ಏನೋ ಮಾಡಿದೆ. ಹಾಗಲವಾಡಿಯ ನನ್ನ ತಮ್ಮ ಕಳಿಸಿದ್ದ ಹೊಸ ಕಡಲೆಕಾಯಿ ಅಷ್ಟೂ ಅದಕ್ಕೆ ಹೋಯಿತು. "ಇದೇನ್ಲಾ ರಂಗ, ನಿನ್ನೆಂಡ್ತಿ ನಿಂಗೆ ದನಕ್ಕಾಕೋ ಹಿಂಡಿ ತಿನ್ನಿಸ್ತಾವ್ಳೆ" ಅಂದಿದ್ದೆ. ಈಗಲೂ ನನ್ನ ಅಭಿಪ್ರಾಯ ಹೆಚ್ಚೇನೂ ಬದಲಾಗಿಲ್ಲ. ಆದರೆ ಅವನು ತಿಂದ. ಅಂತರಸನಹಳ್ಳಿಯ ಕಾರ್ಖಾನೆಯಿಂದ ಬಂದವನು ಕೈ ಕೂಡ ತೊಳೆಯದೆ ಅಡುಗೆಮನೆಗೆ ನುಗ್ಗುತ್ತಿದ್ದ. ಮೇಲೆ ಹೊಯ್ದ ಬೆಲ್ಲದ ಪಾಕ, ನಿನ್ನ ಮಾತಿನಲ್ಲಿ ಗ್ಲೇಜ್, ಆರುವವರೆಗೂ ಅವನಿಗೆ ತಾಳ್ಮೆ ಇರುತ್ತಿರಲಿಲ್ಲ. "ಗಟ್ಟಿ ಆಗೋಗಂಟ ತಡ್ಕೊಳ್ರೀ" ಎಂದು ನೀನು ಸೌಟು ಹಿಡಿದು ಓಡಿಸುತ್ತಿದ್ದೆ. ನಾನು ಹಾಲ್‌ನಲ್ಲಿ ಟಿವಿ ನೋಡುತ್ತಿದ್ದೇನೆ ಎಂದು ನೀವಿಬ್ಬರೂ ತಿಳಿದಿದ್ದಿರಿ.

ಆಮೇಲೆ ಆ ಜ್ವರ ಬಂತು, ಅವನು ಹೋದ. ಅದರ ಬಗ್ಗೆ ಬರೆಯುವುದಿಲ್ಲ. ಮೊದಲನೆಯ ಮಾರ್ಲಮಿಗೆ, ಸತ್ತವರಿಗೆ ಇಷ್ಟವಾದದ್ದನ್ನು ಎಡೆಗೆ ಇಡಬೇಕು ಎಂದು ನಿನ್ನ ಮಾವ ಹೇಳಿದಾಗ ನಾನು ಮಟನ್, ಕಜ್ಜಾಯ, ಒಂದು ನೀಲಿ ಶರ್ಟು ಎಂದೆ. ನೀನು ಎದ್ದು ಹೋಗಿ ಕುಕ್ಕರ್ ತೊಳೆದೆ. ಆಮೇಲೆ ಅಪ್ಪನ ಮನೆ ಸೇರಿ ಸೊಸೈಟಿಯಲ್ಲಿ ಕೆಲಸ ಹಿಡಿದ ಮೇಲೂ ಪ್ರತಿ ಹಬ್ಬಕ್ಕೆ ಹಿಂದಿನ ದಿನವೇ ಬಸ್ಸಿನಲ್ಲಿ ಬಂದು, ಇದೇ ಒಲೆಯ ಮುಂದೆ ನಿಂತು ಅದನ್ನು ಮಾಡುತ್ತಿದ್ದೆ. ಎಡೆ ಇಡುವ ತನಕ ರುಚಿ ನೋಡುವ ಹಾಗಿಲ್ಲವಲ್ಲ, ಬೆರಳಿಗೆ ಅಂಟಿದ್ದನ್ನೂ ನೆಕ್ಕದೆ ನಲ್ಲಿಗೆ ಹಿಡಿಯುತ್ತಿದ್ದೆ. ಅದನ್ನು ನೋಡಲು ನನಗೆ ಕಷ್ಟವಾಗುತ್ತಿತ್ತು.

ನಿನ್ನನ್ನು ಕೇಳಿದರೆ ನೀನು ಬಂದೇ ಬಿಡುತ್ತೀಯ. ಹಾಗಾಗಿ ಕೇಳದೆ ಕಲಿಯಬೇಕಾಯಿತು. ನೋಡಿ ನೆನಪಿದ್ದದ್ದಷ್ಟೇ ಬಂಡವಾಳ. ಮೊದಲನೆಯ ಸಲ ಅಭ್ಯಾಸಬಲದಿಂದ ಕುಕ್ಕರಿನ ಮುಚ್ಚಳದ ಗ್ಯಾಸ್ಕೆಟ್ ತೆಗೆಯಲು ಮರೆತೆ. ಮನೆಯೆಲ್ಲ ರಬ್ಬರಿನ ವಾಸನೆ, ಕೇಕಿಗೂ ಅದೇ ರುಚಿ. ಎರಡನೆಯ ಸಲ ಕಡಲೆಕಾಯಿ ಬೀಜವನ್ನು ಹದವಾಗಿ ಹುರಿದು, ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಸಿಪ್ಪೆ ಹಾರಿಸಿ, ಎಲ್ಲ ಸರಿಯಾಗಿ ಮಾಡಿ, ಮಿಕ್ಸಿಯನ್ನು ಬಿಡದೆ ತಿರುಗಿಸಿದೆ. ಬೀಜ ಎಣ್ಣೆ ಬಿಟ್ಟು ಮುದ್ದೆಯಾಯಿತು. ಆ ಸಲ ಬಂದದ್ದು ನಿಜವಾಗಿಯೂ ಹಿಂಡಿಯೇ. ಎದುರುಮನೆಯವರ ಹಸು ತಿಂದಿತು.

ಆಮೇಲೆ ಕೇಕ್ ಬಂತು, ಗ್ಲೇಜ್ ಕೈಕೊಟ್ಟಿತು. ನೀನು ಬೆಲ್ಲ ಕರಗಿಸಿ ತೆಂಗಿನಹಾಲು ಹಾಕಿ ಕುದಿಸುವುದು ನೆನಪಿತ್ತು. ಎಲ್ಲಿಗೆ ನಿಲ್ಲಿಸುವುದು ಎಂಬುದು ನೆನಪಿರಲಿಲ್ಲ. ನಮ್ಮ ಕಡೆ ಹೆಂಗಸರಿಗೆ ಕಡಲೆಕಾಯಿ ಮತ್ತು ಬೆಲ್ಲ ಒಟ್ಟಿಗೆ ಕಂಡರೆ ಕೈ ತಾನಾಗಿ ಚಿಕ್ಕಿಯ ಕಡೆಗೆ ಹೋಗುತ್ತದೆ. ನನ್ನ ಕೈಯೂ ಹೋಯಿತು. ಒಂದು ಹನಿ ನೀರಿಗೆ ಬಿಟ್ಟು, ತಟ್ಟೆಗೆ ಹೊಡೆದರೆ ಟಣ್ ಎನ್ನುವ ತನಕ ಪಾಕ ಏರಿಸಿ ಕೇಕಿನ ಮೇಲೆ ಹೊಯ್ದೆ. ನೋಡಲು ಕನ್ನಡಿ ಥರ ಹೊಳೆಯುತ್ತಿತ್ತು. ನಿನ್ನ ಮಾವ ಕಚ್ಚಿದರು, ಕಟ್ಟಿಸಿದ ಹಲ್ಲು ಕೇಕಿನಲ್ಲೇ ಉಳಿಯಿತು. "ಇದ್ನ ಇಟ್ರೆ ರಂಗ ಎದ್ದು ಬಂದು ಬಯ್ತಾನೆ ಕಣೇ" ಅಂದರು. ಇಬ್ಬರೂ ನಕ್ಕೆವು. ಅವನ ಹೆಸರು ಹೇಳಿಕೊಂಡು ನಾವು ನಕ್ಕಿದ್ದು ಅದೇ ಮೊದಲು, ನಿನಗೂ ತಿಳಿದಿರಲಿ ಎಂದು ಬರೆದೆ.

ಪಾಕವನ್ನು ಎಳೆ ಬರುವ ಮುಂಚೆಯೇ ಇಳಿಸಬೇಕು ಎಂಬುದು ಆಮೇಲೆ ತಿಳಿಯಿತು. ಆದರೂ ಅದು ನಿನ್ನ ಕೇಕ್ ಆಗಲಿಲ್ಲ. ಮೇಲೆ ಸಿಹಿ, ಒಳಗೆ ಒಣಕಲು. ನಿನ್ನದರಲ್ಲಿ ಬೆಲ್ಲದ ರುಚಿ ತಳದವರೆಗೂ ಇರುತ್ತಿತ್ತು. ಅದು ಹೇಗೆ ಇಳಿಯುತ್ತದೆ ಎಂದು ಯೋಚಿಸಿ ತಲೆ ಕೆಟ್ಟಿತು. ಉತ್ತರ ಚಮಚದ ಡಬ್ಬಿಯಲ್ಲಿತ್ತು. ನಯವಾಗಿ ಹೆರೆದ ಒಂದು ತೆಂಗಿನ ಗರಿಕಡ್ಡಿಯನ್ನು ನೀನು ಅಲ್ಲಿ ಇಟ್ಟಿದ್ದೆ. ಅದು ಯಾಕೆ ಅಲ್ಲಿದೆ ಎಂದು ನಾನು ಬೈದುಕೊಳ್ಳುತ್ತಲೇ ಇದ್ದೆ, ಎಸೆಯಲು ಮಾತ್ರ ಮನಸ್ಸು ಬಂದಿರಲಿಲ್ಲ. ಬೆಂದಿದೆಯೇ ಎಂದು ಚುಚ್ಚಿ ನೋಡಲು ಇರಬಹುದು ಎಂದು ಚುಚ್ಚಿದೆ. ಗ್ಲೇಜ್ ಹೊಯ್ದ ಮೇಲೆ ಆ ತೂತಿನ ಸುತ್ತ ಬೆಲ್ಲ ಇಂಗಿದ್ದು ಕಂಡಿತು. ಮುಂದಿನ ಸಲ ಕೇಕ್ ಬಿಸಿ ಇರುವಾಗಲೇ ಉದ್ದಕ್ಕೂ ಅಡ್ಡಕ್ಕೂ ಚುಚ್ಚಿದೆ, ಗ್ಲೇಜನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಸಿದೆ, ಕೊನೆಗೆ ಉಳಿದದ್ದನ್ನು ಮೇಲೆ ಹೊಯ್ದೆ. ನಿನ್ನ ಮಾವ ಒಂದು ತುಂಡು ಬಾಯಿಗಿಟ್ಟವರೇ ಎದ್ದು ಜಗಲಿಗೆ ಹೋಗಿ ಕೂತರು. ನಾನು ಸ್ಟವ್ ಒರೆಸಿದೆ.

ನಿನ್ನೆ ಹಬ್ಬ. ಮಟನ್ ಸಾರು, ಮುದ್ದೆ, ಕಜ್ಜಾಯ, ಹೊಸ ಶರ್ಟು, ಕೇಕ್. ರುಚಿ ನೋಡುವ ಹಾಗಿಲ್ಲ, ಆದ್ದರಿಂದ ಎಡೆಗೆ ಇಡುವಾಗ ಅದು ಸರಿಯಾಗಿದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ನಿನಗೆ ಪ್ರತಿ ವರ್ಷ ಹೇಗನ್ನಿಸುತ್ತಿತ್ತು ಎಂದು ಆಗ ತಿಳಿಯಿತು. ಧೂಪ ಹಾಕಿ, ಎಲ್ಲರೂ ಹೊರಗೆ ಬಂದು, ಹಿರಿಯರು ಉಣ್ಣಲೆಂದು ಬಾಗಿಲು ಮುಚ್ಚಿದೆವು.

ಆ ಹೊತ್ತಿಗೆ ಸರಿಯಾಗಿ ಗೇಟಿನಲ್ಲಿ ಬಂದವನು ಯಾರು ಹೇಳು? ನಾನು ಫೋನಿನಲ್ಲಿ ಸಾಯಿಸಿದ ಲಕ್ಷ್ಮೀನರಸಿಂಹಯ್ಯ, ಕೈಯಲ್ಲಿ ಬಾಳೆಗೊನೆ ಹಿಡಿದುಕೊಂಡು. ನಿನ್ನ ಮಾವನಿಗೆ ವಿಷಯ ಗೊತ್ತಿತ್ತು, ಟವೆಲ್‌ನಲ್ಲಿ ಬಾಯಿ ಮುಚ್ಚಿಕೊಂಡರು. ಬಾಗಿಲು ತೆಗೆದ ಮೇಲೆ ಎಲ್ಲರಿಗೂ ಎಲೆ ಹಾಕಿದೆ. ಅವನಿಗೆ ಸಾರಿಗಿಂತ ಮುಂಚೆ ಕೇಕ್ ಬೇಕಿತ್ತು. ಅವನು ಅಗಿಯುವುದನ್ನು ನಾನು ನೋಡುತ್ತಾ ನಿಂತೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ಕೂಡ ನಾನು ಹಾಗೆ ಕಾದಿಲ್ಲ.

"ಸುಧಾ ಬಂದವ್ಳಾ ಅತ್ಗೆ?" ಎಂದ.

ಇಲ್ಲ ಎಂದೆ.

"ಮತ್ತೆ ಕೇಕ್ ಮಾಡಿ ಕಳ್ಸವ್ಳಾ? ಅದೇ ರುಚಿ, ಅದೇ ಕೈ. ಇನ್ನೊಂದ್ ತುಂಡ್ ಆಕಿ."

ಹಾಕಿದೆ. ನನಗೂ ಒಂದು ತುಂಡು ಹಾಕಿಕೊಂಡೆ. ಅವನು ಹೇಳಿದ್ದು ಸರಿಯಾಗಿತ್ತು. ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಇನ್ನು ನೀನು ಬರಲು ಈ ಮನೆಯಲ್ಲಿ ಕಾರಣವೇ ಉಳಿಯಲಿಲ್ಲ ಎಂದು ಆಗ ಹೊಳೆಯಿತು. ಎಷ್ಟು ಕಷ್ಟಪಟ್ಟು ನಾನೇ ಮಾಡಿಕೊಂಡ ಕೆಲಸ ನೋಡು. ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಬಂದೆ.

ಈ ಪತ್ರದ ಜೊತೆ ಡಬ್ಬಿಯಲ್ಲಿ ಎರಡು ತುಂಡು ಇದೆ. ಕುಣಿಗಲ್ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ, ನಿಮ್ಮಪ್ಪ ಸ್ಟ್ಯಾಂಡಿನಲ್ಲಿ ಇಸಿದುಕೊಳ್ಳುತ್ತಾರೆ. ತಿಂದು ನೋಡು. ತಪ್ಪು ಹುಡುಕುತ್ತೀಯ, ನನಗೆ ಗೊತ್ತು. ಸಿಗುವುದಿಲ್ಲ. ಆದ್ದರಿಂದ ಸ್ಪಷ್ಟವಾಗಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ರಂಗನ ಎಡೆಗೆ ಇನ್ನು ಮೇಲೆ ನಿನ್ನ ಕೇಕ್ ಬೇಕಾಗಿಲ್ಲ. ನನ್ನ ಕೈಕಾಲು ಗಟ್ಟಿ ಇರುವ ತನಕ ನಾನು ಇಡುತ್ತೇನೆ. ನಿನ್ನ ಮಾವನೂ ಈಗ ಬೀಜ ಹುರಿಯುವುದನ್ನು ಕಲಿತಿದ್ದಾರೆ. ಚಂದ್ರು ಒಳ್ಳೆಯವನಾದರೆ ಒಪ್ಪಿಕೋ, ಅಲ್ಲವಾದರೆ ಬೇಡ. ಆದರೆ ಬೇಡ ಎನ್ನಲು ನಮ್ಮ ಮನೆಯ ಕುಕ್ಕರನ್ನು ನೆಪ ಮಾಡಬೇಡ.

ಒಂದು ಮಾತು ಬಿಟ್ಟುಹೋಯಿತು. ಬಾಗಿಲು ಮುಚ್ಚಿದೆವು ಎಂದೆನಲ್ಲ, ಕೊನೆಯಲ್ಲಿ ಹೊರಗೆ ಬಂದವಳು ನಾನು. ಸತ್ತವರು ಬಂದು ಉಣ್ಣುತ್ತಾರೆ ಎಂಬುದನ್ನು ನಾನು ನಂಬುವವಳಲ್ಲ, ನಂಬದಿರುವುದನ್ನೇ ಮಕ್ಕಳಿಗೆ ಹೇಳಿಕೊಟ್ಟವಳು. ಆದರೂ ಎಡೆಯ ಮುಂದೆ ಬಗ್ಗಿ ಅವನಿಗೆ ಹೇಳಿದೆ. "ಈ ಸಲ ನಾನೇ ಮಾಡಿದ್ದು ಕಣೋ ರಂಗ. ಚೆಂದಾಗಿದ್ರೆ ತಿನ್ನು. ಅವ್ಳ್ನ ಬುಟ್ಬುಡು."

ಆಮೇಲೆ ಬಾಗಿಲು ಎಳೆದುಕೊಂಡೆ.

ನೀನು ಎಲ್ಲಿದ್ದರೂ ನಿನ್ನ ಅಡುಗೆಮನೆಯಲ್ಲಿ ಸೌಟು ಹಿಡಿದು ಓಡಿಸಲು ಒಬ್ಬರು ಇರಲಿ. ಮುಂದಿನ ಮಾರ್ಲಮಿಗೆ ಎಡೆ ಎತ್ತಿದ ಮೇಲೆ, ಊಟದ ಹೊತ್ತಿಗೆ ಬಾ, ನೆಂಟಳಾಗಿ ಬಾ. ಅವನನ್ನೂ ಕರೆದುಕೊಂಡು ಬಾ. ಗರಿಕಡ್ಡಿಯನ್ನು ಮಾತ್ರ ವಾಪಸ್ ಕೇಳಬೇಡ, ಅದು ನನಗೆ ಬೇಕು.

ನೂರು ಕಾಲ ನಗುನಗುತ್ತಾ ಬಾಳು.

ನಿನ್ನ ಅತ್ತೆ
(ಇದನ್ನು ಮಾತ್ರ ಬದಲಾಯಿಸಲು ನಾನು ಒಪ್ಪುವುದಿಲ್ಲ)
ಪುಟ್ಟತಾಯಮ್ಮ