ಮಂಚಮ್ಮ ತೊಳೆದ ತೊಟ್ಟಿ

9-8-77, ಬೆಳಿಗ್ಗೆ
ಮತ್ತೆ ಸತ್ತವು. ತೊಟ್ಟಿಯೆಲ್ಲ ಕಪ್ಪು. ಫಿನಾಯಿಲ್ ಕಾರ್ಖಾನೆಯ ಕೊಳೆನೀರನ್ನು ಬ್ಯಾಕ್ಟೀರಿಯಾಗಳಿಗೆ ತಿನ್ನಿಸಲು ಹೊರಟಿದ್ದೇನೆ—ಅವನ್ನೇ ಕೊಲ್ಲುವ ನೀರನ್ನು! ನಾನಿಲ್ಲಿ ಕೆಮಿಸ್ಟು. ನಗು ಬರುತ್ತದೆ.

ಮಾಲೀಕರು ಪಾರ್ಥಸಾರಥಿ ಖಡಾಖಂಡಿತವಾಗಿ ಹೇಳಿದರು. "ಇದೇ ಕೊನೆ ಕಸ್ತೂರಿರಂಗ. ಇನ್ನೊಂದು ಸಲ ಸತ್ತರೆ ಗಾಳಿ ಊದುವ ಮೋಟರು ಫಿಲ್ಲಿಂಗ್ ಸೆಕ್ಷನ್‌ಗೆ."

ಕಸ ಗುಡಿಸುವ ಮಂಚಮ್ಮ ಹೊಸ ಬ್ಯಾಕ್ಟೀರಿಯಾಗಳ ಬೀಜಕ್ಕೆಂದು ಇನ್ನೊಂದು ಮಂಕರಿ ಸಗಣಿ ತಂದಳು. ಸಗಣಿಯಲ್ಲಿ ಕೊಳೆ ತಿನ್ನುವ ಹುಳ ಇವೆ ಅಂತ ಅವಳಿಗೆ ಹೇಳಿದ್ದೆ. ಅವಳ ಕೇರಿಗಿರುವುದು ಒಂದೇ ಬಾವಿ. ನಮ್ಮ ಕೊಳೆನೀರು ಹಳ್ಳದಿಂದ ಇಳಿದು ಅದೂ ನಾರುತ್ತಿದೆ. ಈಗ ಮೇಲಿನವರ ಬಾವಿಯ ಹತ್ತಿರ ಕೊಡ ಇಟ್ಟು ದೂರ ನಿಲ್ಲುತ್ತಾಳೆ—ಯಾರಾದರೂ ಮನಸ್ಸು ಮಾಡಿ ಸೇದಿ ಹುಯ್ಯುವವರೆಗೆ.

"ನಿಮ್ ಉಳ ಬದುಕುದ್ರೆ ನಮ್ ಬಾವಿ ಬದುಕ್ತದಾ ಅಯ್ನೋರೆ?"

ಬದುಕುತ್ತೆ ಅಂದುಬಿಟ್ಟೆ.

2-9-77
ಈ ಸಲ ಕೊಳೆನೀರು ಸ್ವಲ್ಪ ಸ್ವಲ್ಪವೇ ಬಿಡುತ್ತಿದ್ದೇನೆ. ಅಭ್ಯಾಸವಾಗಲಿ. ಮೋಟರಿಗೆ ಬೆಲ್ಟ್ ತರಲು ಮಂಡ್ಯಕ್ಕೆ ಹೋಗಿದ್ದೆ, ಮದ್ದೂರಿನಲ್ಲಿ ಬಸ್ಸು ಕೆಟ್ಟಿತು. ಕರೆಂಟು ಕೈಕೊಡದಿದ್ದರೆ ಸಾಕು, ಗಾಳಿ ನಿಂತರೆ ಅವು ಉಸಿರುಗಟ್ಟಿ ಸಾಯುತ್ತವೆ.

14-10-77
ಬದುಕಿವೆ! ಕಂದು ಕೆಸರು, ಮೇಲೆ ನೊರೆ. ಹೊರಬರುವ ನೀರಲ್ಲಿ ಫಿನಾಯಿಲ್ ವಾಸನೆಯೇ ಇಲ್ಲ—ತಿಂದು ಹಾಕಿವೆ. ಮೂರು ಸಲ ಮೂಸಿದೆ, ಹುಚ್ಚನ ಹಾಗೆ.

20-10-77, ಆಯುಧಪೂಜೆ
ಮನೆಯ ಪೂಜೆ ಮುಗಿಸಿ ಮಧ್ಯಾಹ್ನ ಹೋದೆ. ಮೆಷಿನ್ನುಗಳಿಗೆಲ್ಲ ಬಾಳೆಕಂದು, ಹೂವು. ತೊಟ್ಟಿಗೂ! ಖಾಲಿ. ಹೊಳೆಯುತ್ತಿದೆ. ಅಂಚಿಗೆ ವಿಭೂತಿ, ಕುಂಕುಮ. ಫಿನಾಯಿಲ್ ಘಾಟು.

ಮಂಚಮ್ಮ ಸೇವಂತಿಗೆ ಮುಡಿದು ನಿಂತಿದ್ದಳು.

"ಎಲ್ಲಾ ಮಿಸಿನ್ನೂ ತೊಳುದ್ರು, ನಿಮ್ ತೊಟ್ಟಿ ಯಾರೂ ಮುಟ್ನಿಲ್ಲ. ನಮ್ ಬಾವಿ ಕಾಯೋ ತೊಟ್ಟಿ, ಅಂಗೇ ಬುಡಾಕಾಯ್ತದಾ? ಉಳ ಎಲ್ಲವೆ ಅಂತ ಉಡುಕ್ದೆ, ಒಂದೂ ಇರ್ನಿಲ್ಲ, ಬರೀ ಲೋಳೆ. ಎಲ್ಲಾ ಅರ್ಯಾಕೆ ಬುಟ್ಟು, ಒಂದ್ ಡಬ್ಬ ಫಿನಾಯ್ಲು ಉಯ್ದು ಉಜ್ಜಿವ್ನಿ!"

ಆ ಲೋಳೆಯೇ ಅವು. ಕಣ್ಣಿಗೆ ಕಾಣವು ಅಂತ ನಾನು ಯಾವತ್ತೂ ಹೇಳಿರಲಿಲ್ಲ.

"ಚೆನ್ನಾಗಿ ತೊಳೆದಿದ್ದೀಯ" ಅಂದೆ. ಗೋಡೌನ್ ಹಿಂದೆ ಹೋಗಿ ಅತ್ತುಬಿಟ್ಟೆ.

24-10-77
ಮೋಟರು ಬಿಚ್ಚಿಕೊಂಡು ಹೋದರು. ಪಾರ್ಥಸಾರಥಿಯವರ ಕೈಕಾಲು ಹಿಡಿದದ್ದೂ ದಂಡ. ತೊಳೆದದ್ದು ಯಾರು ಅಂತ ಕೇಳಿದರು. ಗೊತ್ತಿಲ್ಲ ಅಂದೆ, ಇಲ್ಲದಿದ್ದರೆ ಅವಳ ಕೆಲಸವೂ ಹೋಗುತ್ತಿತ್ತು. ಇನ್ನು ಕೊಳೆನೀರು ತೊಟ್ಟಿಗೆ ಬಂದ ಹಾಗೇ ಹಳ್ಳಕ್ಕೆ.

ಮೋಟರು ರಿಪೇರಿಗೆ ಹೋಗಿದೆ ಅಂದೆ ಮಂಚಮ್ಮನಿಗೆ. ನಂಬಿದಳು.

17-11-77
ಇವತ್ತೂ ಮಂಕರಿ ಹೊತ್ತು ಬಂದಳು. ಆ ಕಪ್ಪು ನೀರಿಗೆ ಸಗಣಿ ಸುರಿದಳು.

"ಮಗ್ಳು ಎರ್ಗೆಗೆ ಬತ್ತಾವ್ಳೆ ಅಯ್ನೋರೆ. ಕೂಸಿಗೆ ನೀರುಯ್ಯೋ ಒತ್ಗೆ ನಮ್ ಬಾವಿ ಸರಿಯಾಗಿರ್ತದಲ್ವಾ?"

ಲ್ಯಾಬಿಗೆ ಓಡಿ ಬಂದು ಕೂತಿದ್ದೇನೆ. ಹೇಡಿ ನಾನು. ಕಿಟಕಿಯಿಂದ ಕಾಣುತ್ತಾಳೆ. ತೊಟ್ಟಿಯ ಅಂಚಿನ ಕುಂಕುಮ ಮಾಸಿತ್ತು, ಸೆರಗಿನಿಂದ ಒರೆಸಿ ಹೊಸದಾಗಿ ಇಡುತ್ತಿದ್ದಾಳೆ. ಎದ್ದು ಹೋಗಿ ಹೇಳಲೇಬೇಕು. ಮಂಚಮ್ಮ, ಆ ತೊಟ್ಟಿ—