ಕೋವಿಯದೋ, ಕೈಯದೋ

ಸೋಮವಾರ,
ಅಂಗಡಿಯಿಂದ

ರೀ,

ಇದಕ್ಕಿಂತ ದೊಡ್ಡ ಸಂಬೋಧನೆ ತೋಚಲಿಲ್ಲ. 'ಪ್ರೀತಿಯ' ಎಂದು ಬರೆದರೆ ನೀವೇ ನಗುತ್ತೀರಿ. ಹೆಸರು ಹಿಡಿದು ಬರೆಯೋಣವೆಂದರೆ ಪೆನ್ನೇ ಒಪ್ಪುವುದಿಲ್ಲ. ಬೇರೆ ಬೇರೆ ಮನೆಯಲ್ಲಿ ಇಷ್ಟು ವರ್ಷ ಕಳೆದ ಮೇಲೂ ನಮ್ಮಿಬ್ಬರ ನಡುವೆ ಸವೆಯದೆ ಉಳಿದಿರುವುದು ಈ ಒಂದಕ್ಷರ ಮಾತ್ರ. ಅದನ್ನೇ ಇಟ್ಟುಕೊಳ್ಳುತ್ತೇನೆ.

ಕೋವಿ ಬಂದು ಸೇರಿತು. ಪ್ರತಿ ವರ್ಷ ಅದನ್ನು ಹೆಗಲಿಗೆ ಹಾಕಿಕೊಂಡು ನಿಮ್ಮ ಜೊತೆಗಾರ ಶಿಳ್ಳೆ ಬರುತ್ತಿದ್ದ. ಬೀದಿಯ ತಿರುವಿನಲ್ಲೇ ಹೆಸರಿಗೆ ತಕ್ಕ ಅವನ ಶಿಳ್ಳೆ ಕೇಳಿಸಿ ನಾನು ಟೀಗೆ ನೀರಿಡುತ್ತಿದ್ದೆ. "ಅತ್ತಿಗೆ, ನಿಮ್ಮ ಯಜಮಾನರ ಮಗಳನ್ನ ತಂದಿದೀನಿ, ಸ್ನಾನ ಮಾಡಿಸಿ ಕಳಿಸಿ" ಎಂದು ಕೋವಿಯನ್ನು ಬೆಂಚಿನ ಮೇಲೆ ಮಲಗಿಸುತ್ತಿದ್ದ. ಆಡಿದ ಕ್ಷಣವೇ ನಾಲಿಗೆ ಕಚ್ಚಿಕೊಳ್ಳುತ್ತಿದ್ದ, ಪಾಪ. ಈ ಸಲ ನಿಮ್ಮ ಕಾವಲು ಕಚೇರಿಯ ಜೀಪು ತಂದಿತು. ಡ್ರೈವರ್ ಕೋವಿ ಇಟ್ಟು, ಸಹಿ ಹಾಕಿಸಿಕೊಂಡು, ನನ್ನ ಮುಖ ನೋಡದೆ ಹೋದ. ಜೊತೆಗೆ ಬಟ್ಟೆಯಲ್ಲಿ ಸುತ್ತಿದ ಹಾರದ ತೋಟಾ ಒಂದು, ಮತ್ತೆ ನಿಮ್ಮ ಚೀಟಿ. 'ಟಿಕ್ ಅಂತು, ಹಾರಲಿಲ್ಲ. ಯಾಕೆ ಅಂತ ನಿಜ ಬರಿ.' ಮದುವೆಯಾದಾಗಿನಿಂದ ನೀವು ನನಗೆ ಬರೆದ ಕಾಗದಗಳಲ್ಲಿ ಇದೇ ಉದ್ದದ್ದು.

ಉಳಿದದ್ದನ್ನು ಊರು ಹೇಳಿತು. ನೀವಿಬ್ಬರೂ ಕರಡಿ ಕಾಯುವ ಆ ಕಸದ ಗುಡ್ಡೆಯಲ್ಲಿ ಬೆಳಗ್ಗೆ ಮೊದಲ ಲಾರಿ ಸುರಿದು ಹೋದ ಮೇಲೆ ತಗಡಿನ ಶೆಡ್ಡಿನ ಹಿಂದಿನಿಂದ ಕರಡಿ ಎದ್ದು ಬಂತಂತೆ. ಶಿಳ್ಳೆ ಮುಂದಿದ್ದನಂತೆ, ನೀವು ನಾಲ್ಕು ಮಾರು ಹಿಂದೆ. ಅವನ ಕೈಯಲ್ಲಿ ಇದ್ದದ್ದು ಬರೀ ಕೋಲು, ಕೋವಿ ನಿಮ್ಮ ಹತ್ತಿರ. ನೀವು ಗುರಿಯಿಟ್ಟು ಒತ್ತಿದಿರಿ, ಟಿಕ್ ಎಂದಿತು. ಬೋಲ್ಟ್ ಎಳೆದು ಆ ತೋಟಾ ಉದುರಿಸಿ ಮತ್ತೆ ಒತ್ತಿದಿರಿ, ಹಾರಿತು. ಕರಡಿ ಓಡಿತು. ಆದರೆ ಅಷ್ಟರಲ್ಲಿ ಶಿಳ್ಳೆಯ ಜೀವ ಹೋಗಿತ್ತು.

ಕೋವಿಯ ವಿಷಯಕ್ಕೆ ಬರುತ್ತೇನೆ. ಮೊದಲು ಬೈಗುಳ. ಎಣ್ಣೆ! ಎಷ್ಟು ಸಲ ಬಡಿದುಕೊಂಡಿದ್ದೇನೆ? ಅತಿಯಾದರೆ ಅಮೃತವೂ ವಿಷ. ಚಳಿಗೆ ಆ ಎಣ್ಣೆ ಅಂಟಾಗಿ, ಕಸದ ಧೂಳೆಲ್ಲ ಅದಕ್ಕೆ ಮೆತ್ತಿಕೊಂಡು, ಒಳಗೆ ನೋಡಿದರೆ ಒಲೆಯ ಮೇಲಿನ ಗೋಡೆ ಇದ್ದ ಹಾಗಿತ್ತು. ಎರಡು ತೊಟ್ಟು ಹಾಕಿ ಒರೆಸಿಬಿಟ್ಟರೆ ಸಾಕು. ಇನ್ನು ನಳಿಗೆಯ ಕೆಳಗೆ ಆ ದಪ್ಪ ಟಾರ್ಚನ್ನು ಮತ್ತೆ ತಂತಿ ಸುತ್ತಿ ಕಟ್ಟಿದ್ದೀರಿ. ಈ ಜಾತಿಯ ಕೋವಿ ತಾನು ಹಿಂದಕ್ಕೆ ಒದೆಯುವ ಬಲದಿಂದಲೇ ಖಾಲಿ ತೋಟಾ ಎಸೆದು ಹೊಸದನ್ನು ಎತ್ತಿಕೊಳ್ಳುತ್ತದೆ. ಮೈಮೇಲೆ ಭಾರ ಹೇರಿದರೆ ಒದೆತ ಸೋಮಾರಿಯಾಗುತ್ತದೆ. ಕಳೆದ ಸಲವೂ ಬಿಚ್ಚಿ ಕಳಿಸಿದ್ದೆ. ನಿಮ್ಮ ಹಟ ನಿಮಗೆ.

ಆದರೆ ಎಣ್ಣೆಯಾಗಲಿ ಟಾರ್ಚಾಗಲಿ ಆ ಬೆಳಗಿಗೆ ಕಾರಣವಲ್ಲ, ಅದನ್ನು ಸ್ಪಷ್ಟವಾಗಿ ಬರೆಯುತ್ತೇನೆ. ಇಡೀ ಕೋವಿ ಬಿಚ್ಚಿದೆ. ನಾನು ಉಜ್ಜಿ ನುಣುಪು ಮಾಡಿದ್ದ ತೋಟಾ ಹೋಗುವ ದಾರಿ ಹಾಗೆಯೇ ಇದೆ. ದಪ್ಪ ಕೈಗವಸು ಹಾಕಿಕೊಂಡಾಗ ಹಿಡಿಯಲು ಸಿಗಲಿ ಎಂದು ನಾನೇ ಕಡೆದು ಕೂರಿಸಿದ್ದ ಬೋಲ್ಟಿನ ದೊಡ್ಡ ಹಿಡಿಕೆಯೂ ಗಟ್ಟಿಯಾಗಿದೆ. ದೋಷವಿದ್ದದ್ದು, ತೋಟಾದ ಬೆನ್ನಿಗೆ ಬಾಗಿಲಾಗಿ ನಿಲ್ಲುವ ಬೋಲ್ಟನ್ನು ಮುಂದಕ್ಕೆ ತಳ್ಳುವ ಸ್ಪ್ರಿಂಗಿನಲ್ಲಿ. ಅದು ಸೋತುಹೋಗಿತ್ತು. ಬೋಲ್ಟ್ ಪೂರ್ತಿ ಮುಂದೆ ಹೋಗಿ, ಅದರ ತಲೆ ತಿರುಗಿ, ಬೀಗದ ಹಾಗೆ ಕಚ್ಚಿಕೊಳ್ಳಬೇಕು. ಕೂದಲೆಳೆಯಷ್ಟು ಉಳಿದರೂ ಒತ್ತಿದಾಗ ಬರೀ ಟಿಕ್. ಹೊರಗಿನಿಂದ ಮುಚ್ಚಿದ ಹಾಗೇ ಕಾಣುತ್ತದೆ, ಯಾರ ಕಣ್ಣಿಗೂ ಗೊತ್ತಾಗುವುದಿಲ್ಲ. ಕಳೆದ ವರ್ಷವೇ ಆ ಸ್ಪ್ರಿಂಗ್ ಬದಲಿಸಬೇಕಿತ್ತು. ಇನ್ನೊಂದು ವರ್ಷ ಬರುತ್ತದೆ ಎಂದು ಬಿಟ್ಟವಳು ನಾನು. ಕುಣಿಯಲಾರದವಳು ನೆಲ ಡೊಂಕು ಅಂದಳು ಅನ್ನುತ್ತಾರಲ್ಲ, ನಿಮ್ಮನ್ನು ಯಾರಾದರೂ ಹಾಗೆ ಅಂದರೆ ಈ ಕಾಗದ ತೋರಿಸಿ. ಈ ಸಲ ನೆಲವೇ ಡೊಂಕಾಗಿತ್ತು.

ನಿಮ್ಮ ಅಧಿಕಾರಿಗೂ ಇದನ್ನೇ ಬರೆದುಕೊಟ್ಟಿದ್ದೇನೆ. ಓದಿ, ಕನ್ನಡಕ ತೆಗೆದು, "ಏನಮ್ಮಾ, ನಿಮ್ಮ ತಂದೆ ಕಾಲದಿಂದ ನಮ್ಮ ಕೋವಿಗಳು ಇಲ್ಲಿಗೇ ಬರ್ತಿದ್ವು" ಎಂದರು. ಬರುತ್ತಿದ್ದವು ಎಂದ ಮೇಲೆ ಇನ್ನು ಬರುವುದಿಲ್ಲ ಎಂದೇ ಅರ್ಥ. ಗೋಡೆಯ ಮೇಲಿನ ಪರವಾನಗಿಯನ್ನು ಅವರೇ ಇಳಿಸಿಕೊಂಡು ಹೋದರು. ಅದು ಇದ್ದ ಜಾಗದಲ್ಲಿ ಸುಣ್ಣ ಇನ್ನೂ ಬೆಳ್ಳಗಿದೆ, ನೋಡಿದರೆ ಕಣ್ಣಿಗೆ ಚುಚ್ಚುತ್ತದೆ. ಅಪ್ಪನ ಅರಗಳು, ಸುತ್ತಿಗೆಗಳು, ಇಕ್ಕಳಗಳು ಎಲ್ಲ ಮೊಳೆಯ ಮೇಲೆ ನೇತಾಡುತ್ತಿವೆ. ನಾಳೆಯಿಂದ ಹೊಲಿಗೆ ಯಂತ್ರ ರಿಪೇರಿ ಮಾಡುತ್ತೇನೆ ಎಂದು ಬೋರ್ಡು ಬರೆಸಬೇಕು. ಅಯ್ಯೋ ಪಾಪ ಅನ್ನಬೇಡಿ. ಹೊಲಿಗೆ ಯಂತ್ರ ಕೈಕೊಟ್ಟರೆ ಯಾರೂ ಸಾಯುವುದಿಲ್ಲ.

ಶಿಳ್ಳೆಯ ಹೆಂಡತಿ ಬಂದಿದ್ದಳು. ಕೂತುಕೊ ಎಂದರೂ ಕೂರಲಿಲ್ಲ. ಬೆಂಚಿನ ಮೇಲೆ ಬಿಚ್ಚಿ ಹರಡಿದ್ದ ಕೋವಿಯ ಒಂದೊಂದೇ ಭಾಗವನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಕೊನೆಗೆ ಕೇಳಿದಳು: "ಅಕ್ಕಾ, ನಿಮಗೆ ಗೊತ್ತಿರತ್ತೆ. ತಪ್ಪು ಕೋವಿದಾ, ಕೈದಾ? ಭಾವನ ಮುಖ ನಾನು ಮತ್ತೆ ನೋಡ್ಬಹುದಾ ಬೇಡ್ವಾ, ಅಷ್ಟು ಹೇಳಿಬಿಡಿ." ಕೋವಿಯದು ಎಂದೆ. ನನ್ನದು ಎಂದೂ ಸೇರಿಸಿದೆ. ಅವಳು ನನ್ನನ್ನು ಹೊಡೆಯುತ್ತಾಳೆ ಎಂದುಕೊಂಡಿದ್ದೆ, ಹೊಡೆದಿದ್ದರೆ ಚೆನ್ನಾಗಿತ್ತು. "ಸದ್ಯ" ಎಂದಳು, ಅಷ್ಟೇ. ಆಮೇಲೆ ಹೊಸ್ತಿಲು ದಾಟಿ, ಬೀದಿಯಲ್ಲಿ ಒಮ್ಮೆ ನಿಂತು, ತಿರುಗಿ ನೋಡದೆ ಹೋದಳು. ಇನ್ನು ಅವಳು ನನ್ನ ಮೆಟ್ಟಿಲು ಹತ್ತುವುದಿಲ್ಲ. ನಿಮ್ಮ ಬಾಗಿಲಿಗೆ ಬರಬಹುದು. ಬಂದರೆ ತಲೆ ಎತ್ತಿ ಮಾತಾಡಿ.

ಅವಳು ಹೋದ ಮೇಲೆ ಕಸದ ಗುಡ್ಡೆಯ ಗೇಟಿನ ಪಕ್ಕದ ನಮ್ಮ ಆ ಒಂದೇ ಕೋಣೆಯ ಮನೆ ನೆನಪಾಯಿತು. ನೀವು ಇನ್ನೂ ಅಲ್ಲೇ ಇದ್ದೀರಲ್ಲ, ನೆನಪು ಮಾಡಿಕೊಳ್ಳುವ ಕಷ್ಟ ನಿಮಗಿಲ್ಲ. ಕಿಟಕಿಯ ಹತ್ತಿರ ನಮ್ಮ ಪುಟ್ಟಿಯ ಹಾಸಿಗೆ. ಅವಳದು ಎಂಥ ನಿದ್ದೆ ರೀ, ಸೂಜಿ ಬಿದ್ದರೂ ಏಳುತ್ತಿದ್ದಳು. ಎದ್ದರೆ ಮುಗಿಯಿತು, ಮನೆ ಹಾರಿಹೋಗುವ ಹಾಗೆ ಅಳು. ನೀವು ಕೆಲಸಕ್ಕೆ ಹೊರಡುವಾಗ ಹೊಸ್ತಿಲಲ್ಲಿ ನಿಂತು ಕೋವಿ ತುಂಬುತ್ತಿದ್ದಿರಿ, ನಾನು ಒಳಗಿನಿಂದ "ಮೆಲ್ಲಗೆ ರೀ, ಪುಟ್ಟಿ ಏಳ್ತಾಳೆ" ಎನ್ನುತ್ತಿದ್ದೆ. ಒಂದು ವರ್ಷ ಶಿಳ್ಳೆ ಇಲ್ಲಿ ಟೀ ಕುಡಿಯುತ್ತ ನಕ್ಕಿದ್ದ. "ಅತ್ತಿಗೆ, ಅಣ್ಣ ಕೋವಿ ಮುಚ್ಚೋದು ನೋಡಿದ್ದೀರಾ? ದೇವರಮನೆ ಬಾಗಿಲು ಹಾಕಿದ ಹಾಗೆ!" ನಾನೂ ನಕ್ಕುಬಿಟ್ಟಿದ್ದೆ. ಪುಟ್ಟಿ ಜ್ವರದಲ್ಲಿ ಹೋಗಿ ಆಗಲೇ ಎಷ್ಟೋ ವರ್ಷವಾಗಿತ್ತು. ಇದನ್ನೆಲ್ಲ ಈಗ ಯಾಕೆ ಬರೆದೆನೋ ಗೊತ್ತಿಲ್ಲ. ಕೋವಿಯ ಕಾಗದದಲ್ಲಿ ಇದಕ್ಕೆ ಜಾಗವಿಲ್ಲ.

ಕೋವಿ ನಾಳೆ ಜೀಪಿನಲ್ಲಿ ವಾಪಸ್ ಬರುತ್ತದೆ. ಹೊಸ ಸ್ಪ್ರಿಂಗ್ ಹಾಕಿದ್ದೇನೆ, ಟಾರ್ಚು ಬಿಚ್ಚಿಟ್ಟುಕೊಂಡಿದ್ದೇನೆ, ಕೊಡುವುದಿಲ್ಲ. ಜೊತೆಗಾರನ ಜಾಗಕ್ಕೆ ಸದ್ಯಕ್ಕೆ ಯಾರನ್ನೂ ಹಾಕುವುದಿಲ್ಲವಂತೆ, ಡ್ರೈವರ್ ಹೇಳಿದ. ಅಂದರೆ ನೀವೊಬ್ಬರೇ. ಆ ಕೆಲಸ ಬಿಟ್ಟು ಬನ್ನಿ ಎನ್ನೋಣವೆಂದರೆ, ಬನ್ನಿ ಎಂದು ಕರೆಯಲು ಇಲ್ಲಿ ಏನಿದೆ? ನಾನಿದ್ದೇನೆ, ಅದು ನಿಮಗೆ ಆಗಲೂ ಸಾಲಲಿಲ್ಲ, ನೀವು ನನಗೆ ಸಾಲಲಿಲ್ಲ. ಪುಟ್ಟಿ ಇಲ್ಲದ ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಲಾರದೆ ಹೋದವರು, ಈಗ ಶಿಳ್ಳೆಯೂ ಇಲ್ಲದ ಮೇಲೆ ನೋಡುತ್ತೇವೆಯೇ? ಆರಿದ ಒಲೆಯನ್ನು ಊದಿದರೆ ಬೂದಿ ಕಣ್ಣಿಗೇ ಬೀಳುತ್ತದೆ. ನಿಮಗೆ ಒಳ್ಳೆಯದಾಗಲಿ ಎಂದು ಬರೆಯಬೇಕು. ಬರೆದಿದ್ದೇನೆ. ಆಗುತ್ತದೆ ಎಂಬ ನಂಬಿಕೆ ನನಗಿಲ್ಲ.

ನೀವು ಕೇಳಿದ್ದು ನಿಜ. ಇದೇ ನಿಜ. ಇನ್ನು ಅದರ ಬಗ್ಗೆ ಯೋಚಿಸಬೇಡಿ, ಹೊಟ್ಟೆ ತುಂಬ ಉಂಡು ಮಲಗಿ.

ಇಂತಿ,
ಸ್ಪ್ರಿಂಗ್ ಬದಲಿಸದೆ ಬಿಟ್ಟವಳು

ತಾ. ಕ.

ಲಕೋಟೆ ಅಂಟಿಸಿದ್ದೆ. ಮತ್ತೆ ಹರಿದಿದ್ದೇನೆ.

ಸುಳ್ಳನ್ನು ನಿಜದ ತಲೆಯ ಮೇಲೆ ಹೊಡೆದ ಹಾಗೆ ಬರೆದಿದ್ದೇನೆ ಎಂದು ಸಮಾಧಾನಪಟ್ಟುಕೊಂಡು, ಕೋವಿಯನ್ನು ಚೀಲಕ್ಕೆ ಹಾಕಲು ಎತ್ತಿಕೊಂಡೆ. ಆಗ ಹೊಳೆಯಿತು. ಈ ಕಾಗದವನ್ನು ನೀವು ನಂಬಿಬಿಟ್ಟರೆ ನಾಡಿದ್ದು ಬೆಳಗ್ಗೆ ಹೊಸ್ತಿಲಲ್ಲಿ ನಿಂತು ಮತ್ತೆ ಹಾಗೆಯೇ ಕೋವಿ ತುಂಬುತ್ತೀರಿ. ಹಾಗೆಯೇ ಮುಚ್ಚುತ್ತೀರಿ. ನಿಮ್ಮನ್ನು ಉಳಿಸಲು ಹೇಳಿದ ಸುಳ್ಳೇ ನಿಮ್ಮನ್ನು ತಿನ್ನುತ್ತದೆ.

ಹಳೆಯ ಸ್ಪ್ರಿಂಗ್ ಚೆನ್ನಾಗಿಯೇ ಇತ್ತು ರೀ. ಹೊಸದರ ಪಕ್ಕ ಇಟ್ಟು ನೋಡಿದೆ, ಒಂದು ಸುತ್ತೂ ಸೋತಿರಲಿಲ್ಲ. ಹಿಂದಿನ ಅಂಗಳದ ಮಣ್ಣಿನ ದಿಬ್ಬಕ್ಕೆ ಹಾರಿಸಿಯೂ ನೋಡಿದೆ. ಬೋಲ್ಟ್ ಎಳೆದು ಕೈಬಿಟ್ಟರೆ ಅದು ದಡ್ ಎಂದು ಮುಚ್ಚಿಕೊಳ್ಳುತ್ತದೆ, ಪ್ರತಿ ಸಲವೂ ಹಾರುತ್ತದೆ. ಹಿಡಿಕೆ ಬಿಡದೆ ಅಂಗೈಯಿಂದ ತಡೆಯುತ್ತ ಮೆಲ್ಲಗೆ ಮುಂದೆ ಬಿಟ್ಟರೆ ಶಬ್ದವಿಲ್ಲದೆ ಮುಚ್ಚುತ್ತದೆ. ಆದರೆ ತಲೆ ಪೂರ್ತಿ ತಿರುಗುವುದಿಲ್ಲ. ಒತ್ತಿದರೆ ಟಿಕ್. ನೀವು ಕಳಿಸಿದ ತೋಟಾದ ತಳದಲ್ಲಿ ಪೆಟ್ಟಿನ ಗುರುತೇ ಇಲ್ಲ, ಬೋಲ್ಟ್ ಪೂರ್ತಿ ಕಚ್ಚಿಕೊಂಡಿರಲಿಲ್ಲ ಎಂದು ಬಟ್ಟೆ ಬಿಚ್ಚಿದಾಗಲೇ ನನಗೆ ತಿಳಿಯಿತು. ಎರಡನೆಯ ಸಲ ಗಾಬರಿಯಲ್ಲಿ ಎಳೆದು ಕೈಬಿಟ್ಟಿದ್ದೀರಿ, ಅದಕ್ಕೇ ಹಾರಿತು. ಹಿಡಿಯಲು ಸುಲಭವಾಗಲಿ ಎಂದು ಆ ದೊಡ್ಡ ಹಿಡಿಕೆ ಹಾಕಿಕೊಟ್ಟವಳು ನಾನು. ಬಿಡಬೇಕಾದದ್ದನ್ನು ಹಿಡಿದುಕೊಂಡಿರಲು ಅದೂ ಸಹಾಯ ಮಾಡಿತು.

ಅಧಿಕಾರಿಗೆ ಕೊಟ್ಟದ್ದು ಹಾಗೇ ಇರಲಿ. ಶಿಳ್ಳೆಯ ಹೆಂಡತಿಗೆ ಹೇಳಿದ್ದೂ ಹಾಗೇ ಇರಲಿ, ದಮ್ಮಯ್ಯ, ಅವಳ ಮುಂದೆ ಬಾಯಿ ಬಿಡಬೇಡಿ. ಈ ಹಾಳೆಯನ್ನು ಸುಟ್ಟುಬಿಡಿ. ಬೈದರೆ ನನ್ನನ್ನು ಬೈಯಿರಿ, ಮೆಲ್ಲಗೆ ಮೆಲ್ಲಗೆ ಎಂದು ಕಲಿಸಿದ್ದು ಈ ಬಾಯಿಯೇ.

ಒಂದೇ ಒಂದು ಮಾತು ಕೇಳಿ. ನಾಡಿದ್ದು ಬೆಳಗ್ಗೆ ಹೊಸ್ತಿಲಲ್ಲಿ ಬೋಲ್ಟ್ ಎಳೆದು ಕೈ ಬಿಟ್ಟುಬಿಡಿ. ದಡಾರೆಂದು ಬಡಿಯಲಿ, ಕೋಣೆಯೆಲ್ಲ ಅದುರಲಿ. ಪುಟ್ಟಿ ಏಳುವುದಿಲ್ಲ, ರೀ.