ಬೀಗದ ಬಾಗಿಲಿನಡಿ ಹೋಗುವ ನೀಲಿ ಗೆರೆ

ದೊಡ್ಡಾಸ್ಪತ್ರೆಯ ಮೇಲಧಿಕಾರಿಗಳಿಗೆ,

ಮಾನ್ಯರೇ, ಮೊದಲು ಕೈಯಲ್ಲಿರುವ ಚಹಾ ಕೆಳಗಿಡಿ. ಓದುತ್ತಿರುವುದು ನೀವಲ್ಲ, ನಿಮ್ಮ ಪರವಾಗಿ ಓದಿ ಬದಿಗೆ ಸರಿಸುವವರಾದರೆ ಅವರೂ ಇಡಲಿ. ಯಾರೋ ಮುದುಕಿಯ ಗೊಣಗಾಟ ಎಂದು ಆಗಲೇ ಮುಖ ಸಿಂಡರಿಸಿದ್ದೀರಿ. ಸಿಂಡರಿಸಿಕೊಂಡೇ ಓದಿ, ಅಡ್ಡಿಯಿಲ್ಲ; ಅರ್ಧಕ್ಕೆ ಮಡಚಬೇಡಿ. ನನ್ನ ದೂರು ಇಷ್ಟು: ಅಫೀಮಿನ ಜಾತಿಯ ನೋವಿನ ಮಾತ್ರೆಗೆ ಅಂಟಿಕೊಂಡವರು ಬಾಧೆ ತಡೆಯಲಾರದೆ ನಿಮ್ಮ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದರೆ, ಆ ಚಟ ಬಿಡಿಸುವ ಔಷಧವನ್ನು ಅಲ್ಲಿ ಶುರು ಮಾಡುವುದಿಲ್ಲ. ಔಷಧ ಇಲ್ಲವೆಂದಲ್ಲ. ಇದೆ. ಗೋಡೆಯ ಆಚೆ ಇದೆ.

ನನ್ನ ಮೊಮ್ಮಗಳು ಬೇಕರಿಯಲ್ಲಿ ಬ್ರೆಡ್ಡು ಬೇಯಿಸುವವಳು. ಕಾದ ಟ್ರೇ ಜಾರಿ ಮೊಣಕೈಯಿಂದ ಅಂಗೈವರೆಗೆ ಸುಟ್ಟುಕೊಂಡಳು. ನಿಮ್ಮಲ್ಲೇ ಬೇರೆ ಚರ್ಮ ಹಚ್ಚಿದರು, ನಿಮ್ಮಲ್ಲೇ ನೋವಿಗೆ ಮಾತ್ರೆ ಬರೆದರು. ಕೈ ಚೆನ್ನಾಗಿ ವಾಸಿಯಾಯಿತು. ಆ ಉಪಕಾರ ಮರೆತಿಲ್ಲ. ವಾಸಿಯಾದ ಮೇಲೆ ಮಾತ್ರೆ ಬರೆಯುವುದನ್ನು ನಿಲ್ಲಿಸಿದರು. ಮೈ ಕೇಳುವುದನ್ನೂ ನಿಲ್ಲಿಸಬೇಕಲ್ಲ, ಅದಕ್ಕೆ ಯಾರೂ ಹೇಳಿರಲಿಲ್ಲ. ಹುಡುಗಿ ಬೇರೆ ಕಡೆಯಿಂದ ತರಿಸಿಕೊಂಡಳು. ತಪ್ಪು ಮಾಡಿದಳು, ಬಾಯಿಗೆ ಬಂದಂತೆ ಬೈದೆ. ಆದರೆ ರುಚಿ ತೋರಿಸಿದ ಮನೆ ಯಾವುದೆಂದು ಯಾರಾದರೂ ಕೇಳಿದರೆ, ನಿಮ್ಮ ಹೆಬ್ಬಾಗಿಲ ಮೇಲಿನ ಬೋರ್ಡನ್ನೇ ಓದಿ ಹೇಳಬೇಕಾಗುತ್ತದೆ.

"ಬಿಟ್ಟುಬಿಡ್ತೀನಿ ಅಜ್ಜಿ" ಎಂದು ಒಂದು ದಿನ ತಾನಾಗಿಯೇ ಹೇಳಿದಳು. ಬಿಟ್ಟಳು ಕೂಡ. ಮಾರನೆಯ ಬೆಳಗ್ಗೆ ಕಣ್ಣು ಮೂಗು ಸುರಿಯತೊಡಗಿದವು, ಮೈಯೆಲ್ಲ ಮುಳ್ಳೆದ್ದಿತು, ಹೊಟ್ಟೆ ಹಿಂಡಿತು, ಕಾಲುಗಳು ತಾವಾಗಿಯೇ ಒದ್ದುಕೊಂಡವು. ಬಾಧೆ ಎಂದೆನಲ್ಲ, ಅದು ಇದು. ತುರ್ತು ವಿಭಾಗಕ್ಕೆ ಕರೆತಂದೆ. ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರು ವಾಂತಿಗೆ ಇಂಜೆಕ್ಷನ್ ಕೊಟ್ಟು, "ಇದ್ರಿಂದ ಪ್ರಾಣಕ್ಕೇನೂ ಆಗಲ್ಲ ಅಜ್ಜಿ. ವ್ಯಸನಮುಕ್ತಿ ವಿಭಾಗಕ್ಕೆ ತೋರ್ಸಿ, ಮಂಗಳವಾರ ಬೆಳಗ್ಗೆ ತೆಗೆದಿರುತ್ತೆ" ಎಂದರು.

"ಇವತ್ತು ಗುರುವಾರ ಅಲ್ವೇನಪ್ಪ?"

"ಹೌದು."

"ಅಲ್ಲೀವರೆಗೂ ಇವಳು ಏನ್ ಮಾಡ್ಬೇಕು?"

"ಚೆನ್ನಾಗಿ ನೀರು ಕುಡೀಲಿ."

ದಾರಿ ತೋರಿಸಲೆಂದು ನೀವು ನೆಲದ ಮೇಲೆ ಬಣ್ಣದ ಗೆರೆ ಎಳೆಸಿದ್ದೀರಿ. ತುರ್ತಿಗೆ ಕೆಂಪು, ವ್ಯಸನಮುಕ್ತಿಗೆ ನೀಲಿ. ಒಳ್ಳೆಯ ಏರ್ಪಾಡು, ನನ್ನಂತೆ ಊರ ಶಾಲೆಯಲ್ಲಿ ಅರ್ಧಂಬರ್ಧ ಕಲಿತವರೂ ದಾರಿ ತಪ್ಪುವುದಿಲ್ಲ. ನೀಲಿ ಗೆರೆ ತುರ್ತು ವಿಭಾಗದ ಮಗ್ಗುಲಿನಿಂದಲೇ ಹೋಗಿ ಒಂದು ಬಾಗಿಲಿನಡಿ ನುಸುಳುತ್ತದೆ. ಬಾಗಿಲಿಗೆ ಬೀಗ. ಗೆರೆಗೆ ನುಸುಳಲು ಬರುತ್ತದೆ, ಮನುಷ್ಯರಿಗೆ ಬರಬೇಕಲ್ಲ. ಮೊಮ್ಮಗಳು ಆ ಬಾಗಿಲಿಗೆ ಒರಗಿ ಗೆರೆಯ ಮೇಲೆಯೇ ಕುಸಿದಳು. ನಾನೂ ಪಕ್ಕದಲ್ಲಿ ಕೂತೆ. ಕಾವಲಿನವನು ಬಂದು, "ಗೆರೆ ಮೇಲೆ ಕೂರಬೇಡಿ ಅಜ್ಜಿ, ಜನಕ್ಕೆ ದಾರಿ ಕಾಣಲ್ಲ" ಎಂದ.

"ಕಂಡು ಎಲ್ಲಿಗೆ ಹೋಗ್ತಾರಪ್ಪ, ಬೀಗದೊಳಕ್ಕಾ?"

ಪಾಪ, ಅವನೂ ನಕ್ಕ. ಮೊಮ್ಮಗಳು ನನ್ನ ತೋಳು ಜಗ್ಗಿ, "ಬೈಬೇಡ ಅಜ್ಜಿ, ಹೊರಗೆ ಕಳಿಸ್ಬಿಡ್ತಾರೆ" ಎಂದಳು.

"ಬೈದ್ರೂ ಕಳಿಸ್ತಾರೆ, ಬೈಯದಿದ್ರೂ ಕಳಿಸ್ತಾರೆ. ಬೈದ್ರೆ ನನ್ನ ಹೊಟ್ಟೆಯಾದ್ರೂ ತಣ್ಣಗಾಗುತ್ತೆ."

ನೀರು ಕುಡಿದಳು, ಮಾನ್ಯರೇ. ನಿಮ್ಮ ಮಾತಿನಂತೆ ಕೊಡಗಟ್ಟಲೆ ಕುಡಿದಳು. ಮಂಗಳವಾರಕ್ಕೆ ಮೊದಲೇ ಸೋತು ಮತ್ತೆ ಹಳೆಯ ಮಾತ್ರೆಗೇ ಕೈ ಹಾಕಿದಳು. ಮಂಗಳವಾರವೂ, ನಿಮ್ಮ ಸಾಲಿನಲ್ಲಿ ನೆಟ್ಟಗೆ ನಿಲ್ಲಬೇಕಲ್ಲ ಎಂದು ಒಂದು ಮಾತ್ರೆ ನುಂಗಿಕೊಂಡು, ತಲೆ ಬಾಚಿಕೊಂಡು ಹೊರಟಳು. ವ್ಯಸನಮುಕ್ತಿಯ ಡಾಕ್ಟರಮ್ಮ ಒಳ್ಳೆಯವರು, ಬಿಡಿಸಿ ಹೇಳಿದರು. ಚಟ ಬಿಡಿಸುವ ಮಾತ್ರೆಯನ್ನು ನಾಲಿಗೆಯಡಿ ಇಡಬೇಕಂತೆ. ಹಳೆಯ ಮಾತ್ರೆ ಇನ್ನೂ ಮೈಯಲ್ಲಿರುವಾಗ ಇಟ್ಟರೆ ಬಾಧೆ ಒಮ್ಮೆಲೇ ಮೇಲೆರಗುತ್ತದಂತೆ. "ಬಾಧೆ ಶುರುವಾದ್ಮೇಲೆ ಬರ್ಬೇಕಮ್ಮ, ಆವಾಗ್ಲೇ ಕೊಡೋದು" ಎಂದರು.

"ಆವಾಗ್ಲೇ ಬಂದಿದ್ವಲ್ಲ ತಾಯಿ, ಗೋಡೆ ಆಚೆ."

"ಅದು ತುರ್ತು ವಿಭಾಗ. ಅಲ್ಲಿ ಶುರು ಮಾಡೋ ಪದ್ಧತಿ ಇಲ್ಲ."

"ಇವತ್ತಿನ ಬಾಧೆ ರಾತ್ರಿಗೆ ಶುರುವಾಗುತ್ತೆ. ಇರ್ತೀರಾ?"

"ನಾವು ಮಧ್ಯಾಹ್ನಕ್ಕೆ ಮುಚ್ತೀವಿ."

ಈಗ ನೀವೇ ಹೇಳಿ, ನನಗೆ ಅಷ್ಟು ತಿಳಿಯುವುದಿಲ್ಲ. ಔಷಧ ಕೊಡಲು ತಕ್ಕ ಹೊತ್ತಿನಲ್ಲಿ ರೋಗಿ ಇರುವ ಕೋಣೆಯಲ್ಲಿ ಔಷಧವಿಲ್ಲ. ಔಷಧವಿರುವ ಕೋಣೆಗೆ ಬರಬೇಕಾದರೆ ಔಷಧ ಕೊಡಬಾರದ ಸ್ಥಿತಿಯಲ್ಲಿ ಬರಬೇಕು. ಹಸಿದವರನ್ನು ಅಟ್ಟಿ, ಉಂಡು ಬಂದವರ ಮುಂದೆ ಎಲೆ ಹಾಕಿ, "ಅಯ್ಯೋ, ನಿಮ್ಮ ಹೊಟ್ಟೆ ತುಂಬಿದೆಯಲ್ಲ" ಎಂದು ಮರುಗುವ ಈ ಜಾಣತನ ಯಾವ ಸಭೆಯಲ್ಲಿ ತೀರ್ಮಾನವಾಯಿತು? ಅಂದು ಬಿಸ್ಕತ್ತು ಚೆನ್ನಾಗಿತ್ತೇ? ಎದೆ ಹಿಡಿದುಕೊಂಡು ಬಂದವರಿಗೆ ಹೃದಯದ ಡಾಕ್ಟರು ಮಂಗಳವಾರ ಸಿಗುತ್ತಾರೆ, ಅಲ್ಲಿಯತನಕ ನೀರು ಕುಡಿಯಿರಿ ಎನ್ನುತ್ತೀರಾ? ಸಕ್ಕರೆ ಕಾಯಿಲೆಯವರು ತಲೆ ಸುತ್ತಿ ಬಿದ್ದರೆ ಅಲ್ಲೇ ಔಷಧ ಶುರು ಮಾಡಿ ಆಮೇಲೆ ದೊಡ್ಡ ಡಾಕ್ಟರ ಹತ್ತಿರ ಕಳಿಸುವುದಿಲ್ಲವೇ? ಒಂದು ಚಟ ಬಿಡಿಸಿ ಇನ್ನೊಂದು ಮಾತ್ರೆ ಹಚ್ಚುವುದು ಯಾವ ನ್ಯಾಯ ಎಂದು ಕೇಳುವವರೂ ಇದ್ದಾರೆ. ನಾನು ರಕ್ತದೊತ್ತಡದ ಮಾತ್ರೆಯನ್ನು ದಿನಾ ನುಂಗುತ್ತೇನೆ. ನಿಮ್ಮವರೇ ಬರೆದದ್ದು. ನನ್ನನ್ನು ಚಟದವಳೆಂದು ಇದುವರೆಗೆ ಯಾರೂ ಕರೆದಿಲ್ಲ. ಕರೆಯಲಿ ನೋಡೋಣ.

ಆ ಮಂಗಳವಾರದ ಮೇಲೆ ಹುಡುಗಿಗೆ ಹಟ ಬಂತು. ಯಾರ ಹಂಗೂ ಬೇಡ ಎಂದು ಹಲ್ಲು ಕಚ್ಚಿ ತಾನೇ ತಡೆದಳು. ಬಾಧೆ ಇಳಿಯುತ್ತ ಬಂತು, ಕೆಲಸಕ್ಕೂ ಹೋದಳು. ಆಮೇಲೊಂದು ದಿನ ಆಸೆ ಗೆದ್ದಿತು. ಹಳೆಯ ಅಳತೆಯಲ್ಲೇ ನುಂಗಿದಳು. ಮೈ ಆ ಅಳತೆಯನ್ನು ಮರೆತಿತ್ತು. ಬೇಕರಿಯ ಉಗ್ರಾಣದಲ್ಲಿ, ಮೈದಾ ಮೂಟೆಗಳ ನಡುವೆ, ಉಸಿರು ನಿಂತು ಬಿದ್ದಿದ್ದಳಂತೆ. ಜೊತೆಯವರು ಎತ್ತಿ ತಂದರು. ನಾನು ಬರುವಷ್ಟರಲ್ಲಿ ನಿಮ್ಮ ತುರ್ತು ವಿಭಾಗದವರು ಇಂಜೆಕ್ಷನ್ ಕೊಟ್ಟು ಉಸಿರು ತರಿಸಿದ್ದರು. ತುಟಿ ಇನ್ನೂ ನೀಲಿ ಇತ್ತು, ಕೂದಲ ತುಂಬ ಹಿಟ್ಟು. ಅವರಿಗೆ ಕೈ ಮುಗಿದೆ, ಈಗಲೂ ಮುಗಿಯುತ್ತೇನೆ. ಇದರಲ್ಲಿ ವ್ಯಂಗ್ಯವಿಲ್ಲ.

ನುಂಗಿದ ಮಾತ್ರೆಯ ಅಮಲನ್ನು ಆ ಇಂಜೆಕ್ಷನ್ ಒಮ್ಮೆಲೇ ಇಳಿಸಿಬಿಡುತ್ತದಂತೆ; ಎಚ್ಚರವಾದೊಡನೆ ಅವಳಿಗೆ ಅದೇ ಬಾಧೆ ಶುರುವಾಯಿತು. ಅದೇ ಚಿಕ್ಕ ಡಾಕ್ಟರನ್ನು ಅವಳೇ ಕೇಳಿದಳು, "ಡಾಕ್ಟ್ರೇ, ಈಗ ಬಾಧೆ ಇದೆ. ಈಗ ಕೊಡ್ಬಹುದಲ್ಲ?"

ಅವರು ಮೆಲ್ಲಗೆ ಹೇಳಿದರು: "ಕೊಡ್ಬಹುದಮ್ಮ. ಆದ್ರೆ ಇಲ್ಲಿ ಶುರು ಮಾಡಿದ್ರೆ ಇಂಥವರೆಲ್ಲ ಇಲ್ಲಿಗೇ ಬಂದ್ಬಿಡ್ತಾರೆ ಅಂತ ಮೇಲಿನವರು ಒಪ್ಪಲ್ಲ."

ಮೇಲಿನವರೇ, ಆಸ್ಪತ್ರೆಗೆ ರೋಗಿಗಳು ಬಂದುಬಿಡುತ್ತಾರೆ ಎಂಬ ಈ ಭಯ ನಿಮಗೆ ಮೊದಲಿನಿಂದ ಇತ್ತೋ, ಕುರ್ಚಿಯ ಜೊತೆ ಬಂತೋ? ಇಂಥವರು ಬರಲೇಬೇಕು. ಬಾರದವರನ್ನು ಬೇರೆ ಕಡೆ ಒಯ್ಯುತ್ತಾರೆ, ಅಲ್ಲಿಗೆ ಯಾವ ಬಣ್ಣದ ಗೆರೆಯೂ ಬೇಕಾಗುವುದಿಲ್ಲ.

ನನಗೆ ಬೇಕಾದದ್ದು ಹೊಸ ಕಟ್ಟಡವಲ್ಲ. ಗೋಡೆಯಾಚೆಯ ಆ ಮಾತ್ರೆಯನ್ನು ತುರ್ತು ವಿಭಾಗದ ಕಪಾಟಿನಲ್ಲೂ ಇಡಿಸಿ. ಬಾಧೆಯಲ್ಲಿ ಬಂದವರಿಗೆ ಅಲ್ಲೇ, ಆಗಲೇ ಶುರು ಮಾಡಲಿ. ಮಂಗಳವಾರದವರೆಗೆ ಸಾಲುವಷ್ಟು ಕೈಗೆ ಕೊಟ್ಟು ಕಳಿಸಲಿ. ಚಿಕ್ಕ ಡಾಕ್ಟರಿಗೆ ಕೊಡುವ ಮನಸ್ಸಿದೆ; ಇಲ್ಲದಿರುವುದು ನಿಮ್ಮ ಅಪ್ಪಣೆ.

ವ್ಯಸನಮುಕ್ತಿಯ ಡಾಕ್ಟರಮ್ಮ ರಜೆಯಲ್ಲಿದ್ದಾರಂತೆ, ಮೊಮ್ಮಗಳಿಗೆ ಮುಂದಿನ ತಿಂಗಳು ಬರಲು ಹೇಳಿದ್ದಾರೆ. ಅಷ್ಟರೊಳಗೆ ಅವಳು ನಿಮ್ಮ ಕೆಂಪು ಗೆರೆ ಹಿಡಿದು ಮತ್ತೊಮ್ಮೆ ಬರುತ್ತಾಳೆ. ನಡೆದು ಬರುತ್ತಾಳೋ ಹೊತ್ತು ತರುತ್ತಾರೋ ನನಗೆ ಗೊತ್ತಿಲ್ಲ. ಸದ್ಯಕ್ಕೆ ಅವಳು ಮಲಗಿದಾಗಲೆಲ್ಲ ಪಕ್ಕದಲ್ಲಿ ಕೂತು ಎದೆ ಏರಿಳಿಯುತ್ತಿದೆಯೇ ಎಂದು ನೋಡುವುದೇ ನನ್ನ ಉದ್ಯೋಗ. ಇದನ್ನೂ ಹಾಗೆ ಕೂತೇ ಬರೆಯುತ್ತಿದ್ದೇನೆ. ಪರಿಶೀಲಿಸಲಾಗುವುದು ಎಂಬ ಒಂದು ಸಾಲು ಬೇಡ. ಹೌದೋ ಅಲ್ಲವೋ, ನಿಮ್ಮ ಕೈಯಾರೆ ಬರೆಯಿರಿ. ಮುಂದಿನ ತಿಂಗಳಿಗೆ ಮೊದಲು ಉತ್ತರ ನನ್ನ ಕೈ ಸೇರಬೇಕು.

ಇಂತಿ,
ಸದ್ಯಕ್ಕಿನ್ನೂ ಒಬ್ಬಳ ಅಜ್ಜಿ